1985ರ ಷೆವಿ ಕೆ30 ಡೂಲಿ: ಕಂಪನಿ ಮಾಡಿದ್ದಾ, ಗ್ಯಾರೇಜಿನಲ್ಲಿ ಕಟ್ಟಿಸಿದ್ದಾ?

ಹಳೇ ಅಮೆರಿಕನ್ ಪಿಕಪ್ ಬೇಕು, ಹಿಂದೆ ಜೋಡಿ ಟೈರ್ ಇರಬೇಕು (ಇಂಥ ಗಾಡಿಗೇ ಡೂಲಿ ಅನ್ನುವುದು), ಫೋರ್ ವೀಲ್ ಡ್ರೈವೂ ಇರಬೇಕು, ಇಷ್ಟೂ ಕಂಪನಿಯಿಂದಲೇ ಬಂದಿರಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಷೆವರ್ಲೆ, ಅಂದರೆ ಷೆವಿ, ಕೆ30. ನಮ್ಮ ಮನೆಯಲ್ಲಿರುವುದು 1985ರದ್ದು. ನಾಲ್ಕು ಬಾಗಿಲಿನ ಕ್ರೂ ಕ್ಯಾಬ್, 6.2 ಲೀಟರ್ ಡೀಸೆಲ್ ಎಂಜಿನ್, ನಾಲ್ಕು ಗೇರ್. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಆಚೆ ನಮಗೊಂದು ಸಣ್ಣ ಜಮೀನಿದೆ, ದನ-ಕುರಿ ಇವೆ. ಹುಲ್ಲು ತರುವುದು, ದನದ ಟ್ರೇಲರ್ ಎಳೆಯುವುದು ಎಲ್ಲ ಇದರದ್ದೇ ಕೆಲಸ.

ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಸಾಕು, ಯಾರಾದರೂ ಬಂದು ಕೇಳುತ್ತಾರೆ, ಇದು ಒರಿಜಿನಲ್ಲಾ ಅಂತ. ಕೇಳಬೇಕಾದ್ದೇ. ಈ ಥರದ ಹಳೇ ಗಾಡಿಗಳಲ್ಲಿ ಗ್ಯಾರೇಜಿನಲ್ಲಿ ಕಟ್ಟಿದವು ತುಂಬಾ ಇವೆ.

ಜನರಲ್ ಮೋಟರ್ಸ್ 1973ರಲ್ಲಿ ಚೌಕಾಕಾರದ ಹೊಸ ಬಾಡಿ ತಂದಾಗಲೇ ಒಂದು ಟನ್ನಿನ (ಭಾರ ಹೊರುವ ವರ್ಗದ ಹೆಸರು ಅದು) ಸಿ30ಗೆ ಜೋಡಿ ಟೈರ್ ಕೊಟ್ಟಿತು. ‘ಬಿಗ್ ಡೂಲಿ’ ಅಂತ ಹೆಸರಿಟ್ಟು ಮಾರಿತು. ಆದರೆ ಅದು ಟೂ ವೀಲ್ ಡ್ರೈವ್. ಒಂದು ಟನ್ನಿನಲ್ಲಿ ಫೋರ್ ವೀಲ್ ಡ್ರೈವ್, ಅಂದರೆ ಕೆ30, ಬಂದಿದ್ದು 1977ರ ಮಾಡೆಲ್‌ನಲ್ಲಿ. ಹಾಗಾಗಿ 1975ರ ಷೆವಿ ಫೋರ್ ವೀಲ್ ಡೂಲಿ ಅಂತ ಯಾರಾದರೂ ತೋರಿಸಿದರೆ, ಅದು ಆಮೇಲೆ ಕಟ್ಟಿಸಿದ್ದೇ. ಅದರಲ್ಲಿ ಅನುಮಾನ ಬೇಡ.

ಫೋರ್ಡ್ ಕಥೆ ಬೇರೆ. ಎಫ್-350ಗೆ ಫೋರ್ ವೀಲ್ ಡ್ರೈವ್ ಬಂದಿದ್ದು 1979ರಲ್ಲಿ. 80-90ರ ದಶಕದಲ್ಲಿ ಜೋಡಿ ಟೈರಿನ ಫೋರ್ ವೀಲ್ ಡ್ರೈವ್ ಬೇಕಿದ್ದವರಿಗೆ ಸಿಗುತ್ತಿದ್ದುದು ಕ್ಯಾಬ್ ಮತ್ತು ಚಾಸಿ ಮಾತ್ರ, ಹಿಂದಿನ ತೊಟ್ಟಿ ಇಲ್ಲದೆ. ತೊಟ್ಟಿ ಕೂತಿರುವ ಆ ಕಾಲದ ಕ್ರೂ ಕ್ಯಾಬ್ ಫೋರ್ಡ್ ಡೂಲಿಗಳು ಎಷ್ಟೇ ಚೆಂದ ಕಂಡರೂ ಮೊದಲು ಅನುಮಾನಪಟ್ಟೇ ನೋಡಬೇಕು. ಡಾಡ್ಜ್ ಡಬ್ಲ್ಯೂ350 ಮಾತ್ರ ಕಂಪನಿಯದ್ದೇ ಸಿಗುತ್ತದೆ. 1989ರಿಂದ ಅದಕ್ಕೆ 5.9 ಲೀಟರ್ ಕಮ್ಮಿನ್ಸ್ ಟರ್ಬೊ ಡೀಸೆಲ್ ಬಂತು. ಎಳೆಯುವ ತಾಕತ್ತೇ ಮುಖ್ಯ ಅನ್ನುವವರು ಅದನ್ನೇ ತೊಗೊಳ್ಳಿ.

ನಾನು ಷೆವಿ ಕಡೆ ವಾಲಿದ್ದಕ್ಕೆ ದೊಡ್ಡ ಕಾರಣ, ಅದರ ಹುಟ್ಟು ಅದರ ಮೈಮೇಲೇ ಬರೆದಿರುತ್ತದೆ. 1981ರಿಂದ ಚಾಸಿ ನಂಬರಿನಲ್ಲಿ 17 ಅಕ್ಷರ-ಅಂಕಿ ಇರುತ್ತವೆ. ಐದನೆಯದು ‘ಕೆ’ ಆಗಿದ್ದರೆ ಫೋರ್ ವೀಲ್ ಡ್ರೈವ್, ‘ಸಿ’ ಆಗಿದ್ದರೆ ಅಲ್ಲ. 1987ರಿಂದ ‘ಕೆ’ ಬದಲು ‘ವಿ’ ಬರುತ್ತದೆ, ಅದಕ್ಕೆ ಗಾಬರಿ ಆಗಬೇಡಿ. ಆರನೆಯದು 3 ಇದ್ದರೆ ಒಂದು ಟನ್. ಆದರೆ ಜೋಡಿ ಟೈರ್ ವಿಷಯ ಈ ನಂಬರಿನಿಂದ ಗೊತ್ತಾಗುವುದಿಲ್ಲ. ಅದಕ್ಕೆ ಗ್ಲೋವ್ ಬಾಕ್ಸ್ ತೆಗೆಯಬೇಕು. ಅಲ್ಲಿ ಅಂಟಿಸಿರುವ ಚೀಟಿಯಲ್ಲಿ, ಗಾಡಿ ಫ್ಯಾಕ್ಟರಿಯಿಂದ ಬರುವಾಗ ಏನೇನು ಹಾಕಿದ್ದರು ಅನ್ನುವುದರ ಕೋಡ್‌ಗಳಿರುತ್ತವೆ. ‘ಆರ್05’ ಅಂತ ಕಂಡರೆ ಜೋಡಿ ಟೈರ್ ಕಂಪನಿಯದ್ದೇ. ನಮ್ಮ ಗಾಡಿಯ ಚೀಟಿ ಹಳದಿ ಬಣ್ಣಕ್ಕೆ ತಿರುಗಿ ಒಂದು ಮೂಲೆ ಹರಿದಿದೆ, ಆದರೆ ಆ ಸಾಲು ಸ್ಪಷ್ಟವಾಗಿದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಕಾಪಾಡಿಕೊಂಡಿದ್ದೇನೆ.

ಕ್ಯಾಬ್ ಮೇಲಿನ ಐದು ಕಿತ್ತಳೆ ಲೈಟ್ ನೋಡಿ ನಂಬಬೇಡಿ. 80 ಇಂಚಿಗಿಂತ ಅಗಲದ ಗಾಡಿಗೆ ಇಲ್ಲಿ ಆ ಲೈಟ್ ಕಡ್ಡಾಯ ನಿಜ, ಆದರೆ ಯಾರು ಬೇಕಾದರೂ ತೂತು ಕೊರೆದು ಹಾಕಿಸಬಹುದು ಅಲ್ವಾ?

ಇನ್ನು ಗಾಡಿ ಕೆಳಗೆ ಮಲಗಿ ನೋಡಲೇಬೇಕು. ಟಾರ್ಚ್ ತೊಗೊಂಡು ಹೋಗಿ. ಸಿ30 ಮುಂದೆ ಕಾಯಿಲ್ ಸ್ಪ್ರಿಂಗ್, ಕೆ30 ಮುಂದೆ ಲೀಫ್ ಸ್ಪ್ರಿಂಗ್. ಲೀಫ್ ಸ್ಪ್ರಿಂಗ್ ತಗುಲಿಸಿದ ಬ್ರಾಕೆಟ್ ಚಾಸಿಗೆ ಹೇಗೆ ಕೂತಿದೆ ನೋಡಿ. ಫ್ಯಾಕ್ಟರಿಯದಾದರೆ ದುಂಡು ತಲೆಯ ರಿವೆಟ್. ಬೋಲ್ಟೋ ವೆಲ್ಡಿಂಗೋ ಕಂಡರೆ ಯಾರೋ ಕೈ ಆಡಿಸಿದ್ದಾರೆ. ಆಮೇಲೆ ಮುಂದಿನ ಆಕ್ಸಲ್. ಕೆ30ಯಲ್ಲಿ ಡೇನಾ 60 ಅನ್ನುವ ಗಟ್ಟಿ ಆಕ್ಸಲ್ ಇರುತ್ತದೆ. ಚಕ್ರ ತಿರುಗಲು ಅದರ ಹಿಂದೆ ಬಾಲ್ ಜಾಯಿಂಟ್ ಇರುವುದಿಲ್ಲ, ಕಿಂಗ್‌ಪಿನ್ ಅನ್ನುವ ದಪ್ಪ ಪಿನ್ ಇರುತ್ತದೆ. ಮೇಲ್ಗಡೆ ನಾಲ್ಕು ಬೋಲ್ಟಿನ ದಪ್ಪ ಮುಚ್ಚಳ ಕೈಗೇ ಸಿಗುತ್ತದೆ.

ನಾನು ಗಾಡಿ ಹುಡುಕುತ್ತಿದ್ದಾಗ ಒಬ್ಬ ವ್ಯಾಪಾರಿ ‘ಫ್ಯಾಕ್ಟರಿ ಫೋರ್ ವೀಲ್ ಡೂಲಿ’ ಅಂತ ಬೋರ್ಡ್ ಹಾಕಿ ಒಂದು ಕ್ರೂ ಕ್ಯಾಬ್ ನಿಲ್ಲಿಸಿದ್ದ. ಪೇಂಟ್ ಕನ್ನಡಿ ಥರ ಹೊಳೆಯುತ್ತಿತ್ತು. ಚಾಸಿ ನಂಬರಿನ ಐದನೇ ಅಕ್ಷರ ‘ಸಿ’. ಗ್ಲೋವ್ ಬಾಕ್ಸಿನ ಚೀಟಿ ಕೆರೆದು ತೆಗೆದ ಗುರುತು. ಕೆಳಗೆ ಬ್ರಾಕೆಟ್ ಸುತ್ತ ವೆಲ್ಡಿಂಗ್ ಉಂಡೆಗಳು ಹಾಗೇ ಇದ್ದವು, ಅವುಗಳ ಮೇಲೇ ಕಪ್ಪು ಬಣ್ಣ ಹೊಡೆದಿದ್ದರು. ತೋರಿಸಿ ಕೇಳಿದೆ. ಆತ ಎಂಜಿನ್ ಬಗ್ಗೆ ಮಾತಾಡಲು ಶುರು ಮಾಡಿದ. ನನಗೆ ಕೋಪ ಬಂದಿದ್ದು ಕಟ್ಟಿಸಿದ ಗಾಡಿ ಅನ್ನುವುದಕ್ಕಲ್ಲ. ಒಳ್ಳೇ ಕೈಕೆಲಸದ ಕನ್ವರ್ಷನ್‌ಗಳು ಎಷ್ಟೋ ಇವೆ, ಸಿ30ಯ ಗಟ್ಟಿ ಚಾಸಿಗೆ ಸರಿಯಾದ ಡೇನಾ 60 ಕೂರಿಸಿ ನೀಟಾಗಿ ಮಾಡಿದವರಿದ್ದಾರೆ. ಅವನ್ನು ಅದೇ ಹೆಸರಿನಲ್ಲಿ, ಅದಕ್ಕೆ ತಕ್ಕ ಬೆಲೆಗೆ ಮಾರಬೇಕು, ಅಷ್ಟೇ.

ಈಗ ಓಡಿಸುವ ವಿಷಯ. 6.2 ಡೀಸೆಲ್‌ಗೆ ಟರ್ಬೊ ಇಲ್ಲ, ಸುಮಾರು 150 ಎಚ್‌ಪಿ. ಲೋಡ್ ಹಾಕಿ ಏರು ಹತ್ತುವಾಗ ಎಡ ಲೇನಿನ (ಇಲ್ಲಿ ಅದೇ ವೇಗದ ಲೇನ್) ಆಸೆ ಬಿಡಬೇಕು. ಓವರ್‌ಡ್ರೈವ್, ಅಂದರೆ ವೇಗದಲ್ಲಿ ಎಂಜಿನ್ ನಿಧಾನ ತಿರುಗಿಸುವ ಗೇರ್, ಇಲ್ಲ, ಹಾಗಾಗಿ ಹೈವೇಯಲ್ಲಿ 60 ಮೈಲಿ ದಾಟಿದರೆ ಕ್ಯಾಬಿನಲ್ಲಿ ಮಾತು ಕೇಳಿಸುವುದಿಲ್ಲ. ಆದರೆ ಫಸ್ಟ್ ಗೇರ್ ಇದೆಯಲ್ಲ, ಅದರ ರೇಷಿಯೊ 6.55. ಎಂಜಿನ್ ಶಕ್ತಿಯನ್ನು ಮುಂದಿನ-ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಎನ್‌ಪಿ205, ಎರಕದ ಕಬ್ಬಿಣದ್ದು, ಒಳಗೆ ಚೈನ್ ಇಲ್ಲ, ಬರೀ ಗೇರ್. ಮಳೆ ಬಿದ್ದ ಹುಲ್ಲುಗಾವಲಿನಲ್ಲಿ ತುಂಬಿದ ಟ್ರೇಲರ್ ಕಟ್ಟಿ, ಲೋ ರೇಂಜ್ ಹಾಕಿ ಕ್ಲಚ್ ಬಿಟ್ಟರೆ ಆಕ್ಸಲರೇಟರ್ ಮುಟ್ಟದೆಯೇ ಹೊರಡುತ್ತದೆ. ಆ ಸಮಾಧಾನದ ಎಳೆತ ಹೊಸ ಗಾಡಿಗಳಲ್ಲಿ ನನಗೆ ಸಿಕ್ಕಿಲ್ಲ.

ಕೆಸರಿನಲ್ಲಿ ಮಾತ್ರ ಜೋಡಿ ಟೈರ್‌ನಿಂದ ಜಾಸ್ತಿ ನಿರೀಕ್ಷೆ ಬೇಡ. ಹಿಂದಿನ ಹೊರಗಿನ ಟೈರು ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ತನ್ನದೇ ಹೊಸ ಜಾಡು ಕೊರೆಯಬೇಕು. ಎರಡು ಟೈರ್ ನಡುವೆ ಕಲ್ಲು ಸಿಕ್ಕಿಕೊಳ್ಳುತ್ತದೆ. ಒಳಗಿನ ಟೈರಿನ ಗಾಳಿ ಕಡಿಮೆಯಾದರೆ ಹೊರಗಿನಿಂದ ಗೊತ್ತಾಗುವುದೂ ಇಲ್ಲ. ನಮ್ಮ ಕಡೆ ಲಾರಿಯವರು ರಾಡಿನಿಂದ ಟೈರ್ ಬಡಿದು ಸದ್ದು ಕೇಳುತ್ತಾರಲ್ಲ, ನಾನೂ ಹಾಗೇ ಮಾಡುತ್ತೇನೆ, ಆಮೇಲೆ ಗೇಜ್ ಹಿಡಿಯುತ್ತೇನೆ. ಅನುಕೂಲ ಅಂದರೆ, ಆರೂ ಚಕ್ರದ ಡಿಸ್ಕ್ (ರಿಮ್) ಒಂದೇ ಥರ. ಒಂದು ಸ್ಟೆಪ್ನಿ ಎಲ್ಲಿಗಾದರೂ ಆಗುತ್ತದೆ. ಕ್ರೂ ಕ್ಯಾಬಿನ ವೀಲ್‌ಬೇಸ್ 164.5 ಇಂಚು, ಹಿಂಭಾಗದ ಅಗಲ ಹೆಚ್ಚೂಕಡಿಮೆ 8 ಅಡಿ. ಪೇಟೆಯ ಪಾರ್ಕಿಂಗ್‌ಗೆ ಒಯ್ಯುವ ಗಾಡಿ ಅಲ್ಲ ಇದು.

ಒಂದು ಸಂಕಟದ ವಿಷಯವಿದೆ. ಈ ಡೇನಾ 60 ಆಕ್ಸಲ್‌ಗೆ ಆಫ್-ರೋಡ್ ಮಾಡುವವರಲ್ಲಿ ಭಾರೀ ಬೇಡಿಕೆ. ಅದೊಂದಕ್ಕಾಗಿ ಗಟ್ಟಿಮುಟ್ಟಾದ ಕೆ30ಗಳನ್ನು ಬಿಚ್ಚಿ ಮಾರುತ್ತಾರೆ. ಹಾಗಾಗಿ ಚೀಟಿ, ನಂಬರ್ ಎರಡೂ ಸರಿ ಇದ್ದರೂ ಮುಂದಿನ ಆಕ್ಸಲ್ ಬದಲಾಗಿರಬಹುದು. ನೋಡಲು ಹೋಗುವ ಮೊದಲೇ ಮೂರು ಫೋಟೊ ಕಳಿಸಲು ಹೇಳಿ: ಚಾಸಿ ನಂಬರ್, ಗ್ಲೋವ್ ಬಾಕ್ಸಿನ ಚೀಟಿ, ಮುಂದಿನ ಚಕ್ರದ ಹಿಂಭಾಗ. ಕಳಿಸಲು ನೆಪ ಹೇಳಿದರೆ ಪೆಟ್ರೋಲ್ ಸುಟ್ಟುಕೊಂಡು ಅಷ್ಟು ದೂರ ಹೋಗಬೇಡಿ.