ಅಡಿಕೆ ಸುಲಿತದ ರಾತ್ರಿಗಳಲ್ಲಿ ಆಫೀಸ್ ಕರೆ: ಎಸ್‌ಕ್ಯೂಎಂ ಜೊತೆ ಎರಡು ವರ್ಷ

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. 40 ಎಂಬಿಪಿಎಸ್ ಫೈಬರ್ ಇದೆ. ಸ್ಪೀಡ್ ಟೆಸ್ಟ್ ಮಾಡಿದರೆ 40 ತೋರಿಸುತ್ತದೆ. ಆದರೂ ಕೊಯ್ಲಿನ ಕಾಲದಲ್ಲಿ ರಾತ್ರಿ ಏಳರ ಮೇಲೆ ನನ್ನ ಆಫೀಸ್ ಕರೆ ಯಾರಿಗೂ ಬೇಡ. ಅಂಗಳದಲ್ಲಿ ಅಡಿಕೆ ಸುಲಿಯುವವರ ಫೋನಿನಲ್ಲೆಲ್ಲ ಸೀರಿಯಲ್ಲು. ಅಕ್ಕನ ಮಗನ ಫೋನಿನಿಂದ ಫೋಟೋ ಬ್ಯಾಕಪ್ಪು. ನನ್ನ ಮಾತು ಆ ಕಡೆ ಮುಟ್ಟುವಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದರು. ಇದಕ್ಕೆ ಕೊನೆಗೆ ಮದ್ದಾದದ್ದು ಎಸ್‌ಕ್ಯೂಎಂ, ಅಂದರೆ ರೂಟರಿನಲ್ಲಿ ಡೇಟಾದ ಸಾಲನ್ನು ಅಂಕೆಯಲ್ಲಿಡುವ ಸಾಫ್ಟ್‌ವೇರ್.

ಕಂಪ್ಲೇಂಟ್ ಕೊಟ್ಟೆ. ಬಂದ ಹುಡುಗ, "ಸ್ಪೀಡ್ ಸರಿಯಾಗೇ ಇದೆ ಸಾರ್, 100ರ ಪ್ಲಾನ್ ಹಾಕಿಸ್ಕೊಳ್ಳಿ" ಅಂದ. ಹಾಕಿಸಿಕೊಂಡೆ. ಒಂದು ತಿಂಗಳ ದುಡ್ಡು ಸುಮ್ನೆ ಹೋಯಿತು. ಫೋಟೋ ಹೋಗುವಾಗ ಪಿಂಗ್, ಅಂದರೆ ಡೇಟಾ ಆ ಕಡೆ ಹೋಗಿ ಬರುವ ಹೊತ್ತು, 14ರಿಂದ 600 ಮಿಲಿಸೆಕೆಂಡಿಗೆ ಹಾರುವುದು ಮಾತ್ರ ನಿಲ್ಲಲಿಲ್ಲ.

ತೊಂದರೆ ಇದ್ದದ್ದು ಸಾಲಿನಲ್ಲಿ. ಡೇಟಾ ಪ್ಯಾಕೆಟ್ ಅನ್ನುವ ಸಣ್ಣ ತುಣುಕುಗಳಾಗಿ ಹೋಗುತ್ತದೆ. ಅವು ಕಾಯುವ ಜಾಗವಾದ ಮಾಡೆಮ್ಮಿನ ಬಫರ್ ದೊಡ್ಡದಾದಷ್ಟೂ ಅದು ಬಂದ ಪ್ಯಾಕೆಟ್ಟನ್ನೆಲ್ಲ ಒಳಗೆ ತುಂಬಿಕೊಳ್ಳುತ್ತದೆ. ಎಷ್ಟು ವೇಗದಲ್ಲಿ ಕಳಿಸಬೇಕು ಅಂತ ನೋಡಿಕೊಳ್ಳುವ ಟಿಸಿಪಿಗೋ, ಸಾಮಾನ್ಯವಾಗಿ ಪ್ಯಾಕೆಟ್ ಬಿದ್ದುಹೋದರೇನೇ ಜಾಸ್ತಿಯಾಯಿತು ಅಂತ ಗೊತ್ತಾಗುವುದು. ಬೀಳುವವರೆಗೂ ಕಳಿಸುತ್ತಲೇ ಇರುತ್ತದೆ. 2010ರ ಸುಮಾರಿಗೆ ಅಮೆರಿಕದ ಪ್ರೋಗ್ರಾಮರ್ ಜಿಮ್ ಗೆಟಿಸ್ ತಮ್ಮ ಮನೆಯ ಇಂಟರ್‌ನೆಟ್ಟಿನಲ್ಲೇ ಇದನ್ನು ಕಂಡು ಬಫರ್‌ಬ್ಲೋಟ್ ಅಂತ ಕರೆದರು.

ನಾನು ಮಾಡಿದ್ದು ಇಷ್ಟೇ. ಹಳೇ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಬೇರೆ ಸಾಫ್ಟ್‌ವೇರ್ ಹಾಕಿ, ಅದರಲ್ಲಿ ಎಸ್‌ಕ್ಯೂಎಂ ಪ್ಯಾಕೇಜ್ ಸೇರಿಸಿ, ಸಾಲು ನಿಭಾಯಿಸುವ 'ಕೇಕ್' ಅನ್ನುವ ವಿಧಾನ ಆರಿಸಿದೆ. ಎಲ್ಲ ಉಚಿತ.

ಮಂಡಿಯಲ್ಲಿ ತೂಕಕ್ಕೆ ನಿಂತದ್ದು ನೆನಪಿದೆಯಲ್ವಾ? ಮುಂದಿನವನದು ನಲವತ್ತು ಮೂಟೆ, ನಿಮ್ಮದು ಒಂದೇ ಕೈಚೀಲ. ಆದರೂ ಕಾಯಬೇಕು. ಕೇಕ್ ಒಬ್ಬೊಬ್ಬರದು ಒಂದೊಂದೇ ಮೂಟೆ ತೂಗುತ್ತದೆ. ಕೈಚೀಲದವರು ಬೇಗ ಹೊರಡುತ್ತಾರೆ. ಕರೆಯ ಧ್ವನಿ ಅಂದರೆ ಆ ಕೈಚೀಲ. ಇದರ ಜೊತೆಗೆ ಕೋಡೆಲ್ ಅನ್ನುವ ಉಪಾಯವೂ ಸೇರಿದೆ. 2012ರಲ್ಲಿ ನೆಟ್‌ವರ್ಕ್ ತಜ್ಞರಾದ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೊಟ್ಟದ್ದು. ಸಾಲು ಎಷ್ಟು ಉದ್ದ ಅಂತ ಅದು ಕೇಳುವುದಿಲ್ಲ, ಎಷ್ಟು ಹೊತ್ತು ಕಾದಿರಿ ಅಂತ ಕೇಳುತ್ತದೆ. 100 ಮಿಲಿಸೆಕೆಂಡ್ ಕಳೆದರೂ ಕಾಯುವ ಹೊತ್ತು 5 ಮಿಲಿಸೆಕೆಂಡಿನ ಕೆಳಗೆ ಇಳಿಯದಿದ್ದರೆ ಒಂದು ಪ್ಯಾಕೆಟ್ ಬಿಸಾಡುತ್ತದೆ. ಕಳಿಸುವವನು ತಾನಾಗೇ ನಿಧಾನ ಮಾಡುತ್ತಾನೆ.

ಪ್ಲಾನ್ ಮತ್ತೆ 40ಕ್ಕೆ ಇಳಿಸಿದೆ. ಎಸ್‌ಕ್ಯೂಎಂನಲ್ಲಿ ಅಪ್‌ಲೋಡ್, ಡೌನ್‌ಲೋಡ್ ಎರಡೂ ಕಡೆಗೆ 36,000 ಕಿಲೋಬಿಟ್ (36 ಎಂಬಿಪಿಎಸ್) ಬರೆದೆ. ಒಂದಿಷ್ಟು ಕಡಿಮೆ ಬರೆದರೇನೇ ಸಾಲು ಮಾಡೆಮ್ಮಿನಲ್ಲಿ ಕಟ್ಟದೆ ನಮ್ಮ ರೂಟರಿನಲ್ಲಿ ಕಟ್ಟುವುದು. ಮೊದಲ ಎರಡು ದಿನ ಏನೂ ಬದಲಾಗಲಿಲ್ಲ, ತಲೆ ಕೆಟ್ಟಿತು. ಆಮೇಲೆ ನೋಡಿದರೆ, ಪ್ಯಾಕೆಟ್ ದಾಟಿಸುವ ಕೆಲಸವನ್ನು ಸಿಪಿಯು ಬಿಟ್ಟು ಬೇರೆ ಚಿಪ್ಪಿಗೆ ವಹಿಸುವ ಹಾರ್ಡ್‌ವೇರ್ ಆಫ್‌ಲೋಡಿಂಗ್ ಆನ್ ಇತ್ತು. ಪ್ಯಾಕೆಟ್ಟುಗಳು ಕೇಕ್ ಕೂತ ಬಾಗಿಲಿಗೆ ಬರದೆ ಹಿತ್ತಿಲಿಂದಲೇ ದಾಟುತ್ತಿದ್ದವು. ನೀವು ಹಾಕುವುದಾದರೆ ಮೊದಲು ಅದನ್ನು ಆಫ್ ಮಾಡಿ.

ಈಗ ಎಷ್ಟೇ ಬ್ಯಾಕಪ್ ಹೋಗಲಿ, ಪಿಂಗ್ 20-25ರಲ್ಲೇ ಇರುತ್ತದೆ. ಎರಡು ಕೊಯ್ಲು ಕಳೆಯಿತು. "ನಿಂಗೆ ಕರೆ ಇದ್ಯಾ, ನಾನು ವೀಡಿಯೋ ಇಡ್ಲಾ?" ಅಂತ ಅಮ್ಮ ಕೇಳುವುದು ನಿಂತಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ನಮಗೆ 4ಜಿ ಡಾಂಗಲ್ಲೇ ಗತಿ. ಅದರ ಸ್ಪೀಡ್ ಗಳಿಗೆಗೊಂದು, ಬರೆದಿಟ್ಟ ಒಂದೇ ಸಂಖ್ಯೆ ಅಲ್ಲಿ ನಡೆಯುವುದಿಲ್ಲ. ಪಿಂಗ್ ನೋಡಿಕೊಂಡು ಸಂಖ್ಯೆ ಬದಲಿಸುವ ಕೇಕ್-ಆಟೋರೇಟ್ ಅನ್ನುವ ಸ್ಕ್ರಿಪ್ಟ್ ಇದೆ. ಹಾಕಿ ನೋಡಿದೆ. ಕರೆ ಕಡಿಯದೆ ನಡೆಯಿತು, ಡೌನ್‌ಲೋಡ್ ಮಾತ್ರ ಆಮೆಯಾಯಿತು. ಇನ್ನೊಂದು, ಎಸ್‌ಕ್ಯೂಎಂ ರೂಟರಿನ ಸಿಪಿಯು ತಿನ್ನುತ್ತದೆ. ಬೆಂಗಳೂರಿನ ತಮ್ಮ ಇಂಥದ್ದೇ ಹಳೇ ರೂಟರನ್ನು 200 ಎಂಬಿಪಿಎಸ್ ಲೈನಿಗೆ ಹಾಕಿದ, ಸ್ಪೀಡ್ ಅರ್ಧಕ್ಕೆ ಬಂತು.

ಜಗಲಿಯಲ್ಲಿ ವೈಫೈ ಸಿಗದಿದ್ದರೆ ಅದಕ್ಕೆ ಇದು ಮದ್ದಲ್ಲ. ನಾನು ಅಲ್ಲಿಗೆ ಲ್ಯಾನ್ ಕೇಬಲ್ಲೇ ಎಳೆದಿದ್ದೇನೆ.