ಚಾವಣಿಯೊಳಗೆ ಅಡಗಿಸಿದ ಪರದೆ ಟ್ರ್ಯಾಕ್: ಮೂರು ವರ್ಷಗಳ ಬಳಕೆಯ ನಂತರ

ಬೆಳಿಗ್ಗೆ ಎದ್ದ ಕೂಡಲೇ ಪರದೆಯ ಅಂಚಿನಲ್ಲಿ ಇಳಿಬಿಟ್ಟಿರುವ ತೆಳುವಾದ ಕೋಲನ್ನು ಹಿಡಿದು ಒಂದೇ ಎಳೆತಕ್ಕೆ ಬಟ್ಟೆಯನ್ನು ಗೋಡೆಯವರೆಗೆ ಸರಿಸುವುದು ಮೂರು ವರ್ಷಗಳಿಂದ ನನ್ನ ದಿನದ ಮೊದಲ ಕೆಲಸವಾಗಿದೆ. ಹಿಂದಿನ ಉಕ್ಕಿನ ರಾಡಿನ ಮೇಲೆ ರಿಂಗುಗಳು ಕಿರುಗುಟ್ಟುತ್ತಾ ಸಾಗಿ, ನಡುವಿನ ಬ್ರಾಕೆಟ್ಟಿಗೆ ಬಂದು ಸಿಕ್ಕಿಕೊಂಡು, ಮನೆಯವರನ್ನೆಲ್ಲ ಎಬ್ಬಿಸುತ್ತಿದ್ದವು. ಈಗ ಅಲ್ಯೂಮಿನಿಯಂ ಟ್ರ್ಯಾಕಿನೊಳಗೆ ಪರದೆಯ ಕೊಕ್ಕೆಗಳನ್ನು ಹೊತ್ತ ಪುಟ್ಟ ನೈಲಾನ್ ರನ್ನರುಗಳು ಜಾರುವ ಸಣ್ಣ ಸದ್ದಷ್ಟೇ ಕೇಳಿಸುತ್ತದೆ.

ಮಲಗುವ ಕೋಣೆಯ ಫಾಲ್ಸ್ ಸೀಲಿಂಗಿನಲ್ಲಿ, ಕಿಟಕಿಯ ಗೋಡೆಗೆ ಹೊಂದಿಕೊಂಡಂತೆ 15 ಸೆಂ.ಮೀ. ಅಗಲ ಮತ್ತು 12 ಸೆಂ.ಮೀ. ಆಳದ ತಗ್ಗನ್ನು ಬಿಡಿಸಿ, ಟ್ರ್ಯಾಕನ್ನು ಅದರೊಳಗೆ ಕೂರಿಸಿದ್ದೇವೆ. ರಾಡಿಲ್ಲ, ಬ್ರಾಕೆಟ್ಟಿಲ್ಲ, ತುದಿಯ ಗುಂಡುಗಳಿಲ್ಲ. ಬಟ್ಟೆ ಚಾವಣಿಯಿಂದಲೇ ಇಳಿದು ಬಂದಂತೆ ಕಾಣುತ್ತದೆ. ಕಿಟಕಿಯ ಎರಡೂ ಬದಿಗೆ ಟ್ರ್ಯಾಕನ್ನು 25 ಸೆಂ.ಮೀ. ಮುಂದುವರಿಸಿರುವುದರಿಂದ ಸರಿಸಿದ ಪರದೆ ಗಾಜಿನ ಮೇಲೆ ಗುಡ್ಡೆಯಾಗದೆ ಗೋಡೆಯ ಮೇಲೆ ನಿಲ್ಲುತ್ತದೆ ಮತ್ತು ಕಿಟಕಿ ಇದ್ದುದಕ್ಕಿಂತ ದೊಡ್ಡದೆನಿಸುತ್ತದೆ. ಒಳಪದರವಿರುವ ಪರದೆಯ ಭಾರವನ್ನು ಸೀಲಿಂಗಿನ ಜಿಪ್ಸಮ್ ಹಲಗೆಯೊಂದೇ ಹೊರಲಾರದು. ಹಾಗಾಗಿ ಅದರ ಹಿಂದೆ ಪ್ಲೈವುಡ್ ಪಟ್ಟಿಯನ್ನು ಕೊಡಿಸಿ, ಸ್ಕ್ರೂಗಳು ಅದಕ್ಕೆ ಕಚ್ಚುವಂತೆ ಮಾಡಿಸಿದೆ. ಬಡಗಿಗೆ ಇದು ಅತಿಯಾಯಿತು ಎನ್ನಿಸಿತ್ತು. ಇಂದಿಗೂ ಟ್ರ್ಯಾಕ್ ಎಲ್ಲಿಯೂ ಜೋತಿಲ್ಲ.

ನಾನು ಎಣಿಸಿರದ ಲಾಭವೆಂದರೆ ಕತ್ತಲೆ. ರಾಡಿದ್ದ ದಿನಗಳಲ್ಲಿ ಪರದೆಯ ನೆತ್ತಿಯ ಮೇಲಿನ ಸಂದಿಯಿಂದ ಬಿಸಿಲಿನ ಪಟ್ಟಿಯೊಂದು ಚಾವಣಿಗೆ ಬಿದ್ದು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಬಟ್ಟೆಯ ತುದಿ ತಗ್ಗಿನೊಳಗೆ ಸೇರಿಕೊಂಡ ಮೇಲೆ ಆ ಬೆಳಕಿಗೆ ದಾರಿಯೇ ಉಳಿಯಲಿಲ್ಲ. ಅಂದಚೆಂದಕ್ಕೆಂದು ಖರ್ಚು ಮಾಡಿದವನಿಗೆ ನಿದ್ದೆ ಸಿಕ್ಕಿತು. ಇಲ್ಲಿಗೇ ನಿಲ್ಲಿಸಿದ್ದರೆ ಈ ವಿಮರ್ಶೆ ಬರೀ ಹೊಗಳಿಕೆಯಾಗುತ್ತಿತ್ತು.

ಹದಿನಾಲ್ಕನೆಯ ತಿಂಗಳಿನಲ್ಲಿ, ಪರದೆಯನ್ನು ಒಗೆದು ಮತ್ತೆ ತೂಗುಹಾಕುವಾಗ ಒಂದು ರನ್ನರು ಮುರಿಯಿತು. ಒಗೆಯುವ ದಿನವೇ ಈ ವ್ಯವಸ್ಥೆಯಲ್ಲಿ ಅತ್ಯಂತ ಕಷ್ಟದ ದಿನ: ಏಣಿ ಹತ್ತಿ, ಕತ್ತನ್ನು ಹಿಂದಕ್ಕೆ ಚೆಲ್ಲಿ, ಕತ್ತಲೆಯ ತಗ್ಗಿಗೆ ಟಾರ್ಚ್ ಹಿಡಿದು, ಒದ್ದೆ ಬಟ್ಟೆಯ ಇಪ್ಪತ್ತೆರಡು ಕೊಕ್ಕೆಗಳನ್ನು ಒಂದೊಂದಾಗಿ ರನ್ನರುಗಳ ಕಣ್ಣಿಗೆ ಸಿಕ್ಕಿಸಬೇಕು. ಮುರಿದ ರನ್ನರನ್ನು ಬದಲಿಸಬೇಕಾದರೆ ಟ್ರ್ಯಾಕಿನ ತುದಿಯಲ್ಲಿ ರನ್ನರುಗಳು ಹೊರಬೀಳದಂತೆ ತಡೆಯುವ ಸ್ಟಾಪರನ್ನು ಕಳಚಿ ಹೊಸದನ್ನು ಆ ಬಾಯಿಯಿಂದಲೇ ತೂರಿಸಬೇಕು. ನನ್ನ ಟ್ರ್ಯಾಕಿಗೆ ಬಾಯಿಯೇ ಇರಲಿಲ್ಲ. ನೋಟ ಅಚ್ಚುಕಟ್ಟಾಗಿರಲೆಂದು ಅಳವಡಿಸಿದವರು ಎರಡೂ ತುದಿಗಳನ್ನು ಗೋಡೆಗೆ ಒತ್ತಿ, ಉಳಿದ ಸಂದಿಗೆ ಪುಟ್ಟಿ ತುಂಬಿ, ಮೇಲೆ ಬಣ್ಣ ಬಳಿದುಬಿಟ್ಟಿದ್ದರು. ಮುಂದೆ ರನ್ನರು ಮುರಿದರೆ ಏನು ಗತಿ ಎಂದು ಅಂದೇ ಕೇಳಿದ್ದೆ. ಅದು ಮುರಿಯುವಂಥದ್ದಲ್ಲ ಎಂಬ ಉತ್ತರ ಬಂದಿತ್ತು.

ನಾಲ್ಕು ತಿಂಗಳ ಕಾಲ ಪರದೆ ಆ ಒಂದು ಜಾಗದಲ್ಲಿ ಎರಡು ಬೆರಳಿನಷ್ಟು ಜೋತುಬಿದ್ದಿತ್ತು. ಪಕ್ಕದ ನೆರಿಗೆಗೆ ಸೇಫ್ಟಿ ಪಿನ್ ಚುಚ್ಚಿ ಮರೆಮಾಚಿದೆ, ಆದರೆ ಹಾಸಿಗೆಯಲ್ಲಿ ಅಂಗಾತ ಮಲಗಿದರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕೊನೆಗೆ ಟ್ರ್ಯಾಕನ್ನೇ ಪೂರ್ತಿಯಾಗಿ ಬಿಚ್ಚಿಸಬೇಕಾಯಿತು. ಪುಟ್ಟಿ ಸಿಡಿದು ಬಣ್ಣ ಹಕ್ಕಳೆಯಾಗಿ ಎದ್ದಿತು. ತೇಪೆ ಹಾಕಿದ ಜಾಗ ಸಂಜೆಯ ಓರೆ ಬೆಳಕಿನಲ್ಲಿ ಇಂದಿಗೂ ಉಳಿದ ಚಾವಣಿಗಿಂತ ಬೆಳ್ಳಗೆ ಕಾಣುತ್ತದೆ. ಹಳೆಯ ರಾಡಿನಲ್ಲಾದರೆ ತುದಿಯ ಗುಂಡನ್ನು ತಿರುಗಿಸಿ ತೆಗೆದು ಹೊಸ ರಿಂಗು ಪೋಣಿಸಲು ಎರಡು ನಿಮಿಷ ಸಾಕಿತ್ತು.

ಮತ್ತೆ ಕೂರಿಸುವಾಗ ಬಲತುದಿಯಲ್ಲಿ 3 ಸೆಂ.ಮೀ. ಜಾಗವನ್ನು ಖಾಲಿ ಬಿಡಿಸಿದೆ. ಪರದೆ ಸರಿದು ಗುಂಪಾಗಿ ನಿಲ್ಲುವ ಕಡೆಯೇ ಅದಾದುದರಿಂದ ಆ ಸಂದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಜೊತೆಗೆ ಐದು ಹೆಚ್ಚುವರಿ ರನ್ನರುಗಳನ್ನು ಟ್ರ್ಯಾಕಿನೊಳಗೇ ಬಿಟ್ಟಿದ್ದೇನೆ. ಈ ಎರಡೂ ಕೆಲಸಗಳನ್ನು ಮೊದಲ ದಿನವೇ ಮಾಡಿಸಬಹುದಾಗಿತ್ತು. ಟ್ರ್ಯಾಕ್ ಬಿಗಿಯಾದಾಗ ಅಡುಗೆಮನೆಯ ಎಣ್ಣೆ ಬಿಟ್ಟವನೂ ನಾನೇ. ಅದಕ್ಕೆ ಧೂಳು ಮೆತ್ತಿಕೊಂಡು ಕಪ್ಪು ಜಿಡ್ಡಾಯಿತು. ಒಣ ಬಟ್ಟೆಯಿಂದ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆದ ಮೇಲೆ ಸರಿಹೋಯಿತು. ತಗ್ಗಿನಲ್ಲಿ ಜೇಡರ ಬಲೆ ಕಟ್ಟುವುದು ಮಾತ್ರ ತಪ್ಪಿಲ್ಲ.

ಬಾಡಿಗೆ ಮನೆಯವರಿಗೆ, ಪರದೆಗಳನ್ನು ಮೇಲಿಂದ ಮೇಲೆ ಒಗೆಯುವವರಿಗೆ ಮತ್ತು ನನ್ನಂತೆ ಒಂದೇ ಸಲ ಖರ್ಚು ಮಾಡಿ ಮರೆತುಬಿಡಲು ಬಯಸುವವರಿಗೆ ಇದನ್ನು ಹಾಕಿಸಿಕೊಳ್ಳಿ ಎಂದು ಹೇಳಲಾರೆ. ಓದುವ ಕೋಣೆಗೆ ನಾನೇ ಇದನ್ನು ಬಿಟ್ಟು ಸಾಮಾನ್ಯ ಟ್ರ್ಯಾಕ್ ಹಾಕಿಸಿ, ಅದನ್ನು ಮರೆಮಾಡಲು ಮುಂದೆ ಗೋಡೆಯದೇ ಬಣ್ಣ ಬಳಿದ ಮರದ ಹಲಗೆ, ಅಂದರೆ ಪೆಲ್ಮೆಟ್, ಕೊಡಿಸಿದೆ. ಅದು ಮಲಗುವ ಕೋಣೆಯಷ್ಟು ಚೆಂದವಿಲ್ಲ, ಹಲಗೆಯ ಅಂಚು ಕಾಣಿಸುತ್ತದೆ. ಆದರೆ ಕಳೆದ ತಿಂಗಳು ಅಲ್ಲಿಯೂ ಒಂದು ರನ್ನರು ಮುರಿದಾಗ, ಪೆಲ್ಮೆಟ್ಟಿನ ಕೆಳಗಿನಿಂದ ಕೈ ತೂರಿಸಿ ಸ್ಟಾಪರ್ ಕಳಚಿ ಹೊಸದನ್ನು ಸೇರಿಸಿದೆ. ಏಣಿಯಿಂದ ಇಳಿಯಬೇಕಾಗಿಯೂ ಬರಲಿಲ್ಲ.