ಸೆಷನ್ ಕಸ ಗುಡಿಸೋರು ಯಾರು? ಫೈಲ್, ಮೈಎಸ್‌ಕ್ಯೂಎಲ್, ರೆಡಿಸ್

ಕೋಲಾರದ ಟೊಮೆಟೊ ಮಂಡಿಯೊಂದಕ್ಕೆ ಪುಟ್ಟ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ರೈತರು ಮೊಬೈಲಲ್ಲಿ ಲಾಗಿನ್ ಆಗಿ, ತಮ್ಮ 15 ಕೆಜಿ ಬಾಕ್ಸ್ ಎಷ್ಟಕ್ಕೆ ಹೋಯ್ತು ಎಂದು ನೋಡುತ್ತಾರೆ, ಅಷ್ಟೇ. ಜುಲೈನಲ್ಲಿ ಒಂದು ಬೆಳಿಗ್ಗೆ, ಹರಾಜಿನ ಹೊತ್ತಿಗೆ ಸರಿಯಾಗಿ, ಯಾರಿಗೂ ಲಾಗಿನ್ ಆಗಲಿಲ್ಲ. ಡಿಸ್ಕ್‌ನಲ್ಲಿ ಜಾಗ ಇಲ್ಲ ಎಂದು ಲಾಗ್ ಹೇಳುತ್ತಿತ್ತು. ನೋಡಿದರೆ ಡಿಸ್ಕ್ ಅರ್ಧ ಖಾಲಿ! ಮುಗಿದಿದ್ದು ಐನೋಡ್, ಅಂದರೆ ಪ್ರತಿ ಫೈಲಿಗೂ ಡಿಸ್ಕ್‌ನಲ್ಲಿ ಬೇಕಾದ ಒಂದೊಂದು ನಮೂದು. ಲಕ್ಷಗಟ್ಟಲೆ ಚಿಲ್ಲರೆ ಸೆಷನ್ ಫೈಲುಗಳು. ಸೆಷನ್ ಅಂದರೆ ಸೈಟಿಗೆ ಬಂದವರನ್ನು ನೆನಪಿಟ್ಟುಕೊಳ್ಳಲು ಸರ್ವರ್ ಬರೆದಿಡುವ ಚೀಟಿ.

ತಪ್ಪು ನನ್ನದೇ. 1440 ಸೆಕೆಂಡ್, ಅಂದರೆ 24 ನಿಮಿಷ ಯಾರೂ ಮುಟ್ಟದ ಸೆಷನ್, ಸೈಟ್ ಬರೆದ ಪಿಎಚ್‌ಪಿ ಭಾಷೆಯ ಲೆಕ್ಕದಲ್ಲಿ ಕಸ. ಆದರೆ ಕಸ ಅನ್ನೋದು ಬೇರೆ, ಗುಡಿಸೋದು ಬೇರೆ. ಮೂಲ ಪಿಎಚ್‌ಪಿಯಲ್ಲಿ ಸೆಷನ್ ಶುರುವಾಗುವಾಗ ನೂರಕ್ಕೊಂದು ಸಲ ಪೊರಕೆ ಆಡುತ್ತದೆ. ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಉಬುಂಟು ಅದನ್ನು ಸೊನ್ನೆ ಮಾಡಿ, ಅರ್ಧ ಗಂಟೆಗೊಮ್ಮೆ ಗುಡಿಸಲು ಬೇರೆ ಸ್ಕ್ರಿಪ್ಟ್ ಇಟ್ಟಿದೆ. ಯಾವ ಫೋಲ್ಡರ್ ಗುಡಿಸಬೇಕು ಎಂದು ಆ ಸ್ಕ್ರಿಪ್ಟ್ ನೋಡುವುದು ಪಿಎಚ್‌ಪಿ ಐಎನ್‌ಐ ಎಂಬ ಸೆಟ್ಟಿಂಗ್ ಫೈಲನ್ನು. ನಾನು ಸೆಷನ್ ಇಡುವ ಫೋಲ್ಡರ್ ಬದಲಿಸಿದ್ದು ಕೋಡ್ ಒಳಗೆ. ಅದಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ?

ಆಮೇಲೆ ಸೆಷನ್‌ಗಳನ್ನು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಟೇಬಲ್‌ಗೆ ಹಾಕಿ ನೋಡಿದೆ. ಯಾರು ಒಳಗಿದ್ದಾರೆ ಎಂದು ಒಂದು ಕ್ವೆರಿಯಲ್ಲಿ ಸಿಗುತ್ತದೆ, ಅದು ಚೆನ್ನ. ಆದರೆ ಪೊರಕೆ ಸೊನ್ನೆ ಇದ್ದರೆ ಇಲ್ಲೂ ಯಾರೂ ಗುಡಿಸಲ್ಲ, ಹೊತ್ತುಹೊತ್ತಿಗೆ ಗುಡಿಸುವ ಕೆಲಸ (ಕ್ರಾನ್) ನಾವೇ ಬರೆಯಬೇಕು. ಎರಡು ವಾರದಲ್ಲಿ ಬೇಜಾರಾಯಿತು.

ಕೊನೆಗೆ ಮೆಮೊರಿಯಲ್ಲೇ ಡೇಟಾ ಇಡುವ ರೆಡಿಸ್. ಅದರಲ್ಲಿ ಪ್ರತಿ ಸೆಷನ್ ತನ್ನ ಆಯಸ್ಸು ತಾನೇ ಹೊತ್ತುಕೊಂಡು ಬರುತ್ತದೆ. ಅವಧಿ ಮುಗಿದದ್ದನ್ನು ಕೇಳಿದರೆ ಆಗಲೇ ಅಳಿಸುತ್ತದೆ. ಯಾರೂ ಕೇಳದವನ್ನೂ ಸೆಕೆಂಡಿಗೆ ಹತ್ತು ಸಲ ಅಲ್ಲೊಂದು ಇಲ್ಲೊಂದು ಹೆಕ್ಕಿ ನೋಡಿ ಬಿಸಾಡುತ್ತದೆ. ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. ಮೆಮೊರಿಗೆ ಮಿತಿ ಹಾಕಿ ಉಳಿದ ಸೆಟ್ಟಿಂಗ್‌ಗಳನ್ನು ಹಾಗೇ ಬಿಟ್ಟರೆ, ತುಂಬಿದ ಮೇಲೆ ಹೊಸ ಸೆಷನ್ ಬರೆಯಲು ಬಿಡುವುದೇ ಇಲ್ಲ. ಹಳೆಯದು ಯಾವುದಾದರೂ ತೆಗಿ ಅಂದರೆ, ಚಹಾ ಕುಡಿಯಲು ಹೋದ ರೈತನೇ ಲಾಗೌಟ್. ಇನ್ನೊಂದು: ಸೆಷನ್ ಫೈಲಲ್ಲಿದ್ದರೆ, ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಲಾಕ್ ತಾನಾಗಿ ಬೀಳುತ್ತದೆ. ಪಿಎಚ್‌ಪಿಯನ್ನು ರೆಡಿಸ್‌ಗೆ ಜೋಡಿಸುವ ಪಿಎಚ್‌ಪಿರೆಡಿಸ್‌ನಲ್ಲಿ ಅದನ್ನು ನಾವೇ ಆನ್ ಮಾಡಬೇಕು. ಇಲ್ಲದಿದ್ದರೆ ಒಟ್ಟಿಗೆ ಬಂದ ಎರಡು ರಿಕ್ವೆಸ್ಟ್ ಒಂದರ ಮೇಲೊಂದು ಬರೆದುಬಿಡುತ್ತವೆ.

ನಾನು ರೆಡಿಸ್‌ನಲ್ಲೇ ಉಳಿದೆ. ಆದರೆ ಜಾಸ್ತಿ ಉಪಯೋಗವಾಗಿದ್ದು ಬೇರೆಯೇ. ಆ ರಾಶಿಯಲ್ಲಿ ರೈತರ ಸೆಷನ್ ಕೆಲವು ನೂರು ಮಾತ್ರ, ಮಿಕ್ಕದ್ದೆಲ್ಲ ಬಾಟ್‌ಗಳದ್ದು, ಅಂದರೆ ಸೈಟುಗಳನ್ನು ತಾವೇ ಜಾಲಾಡುವ ಪ್ರೋಗ್ರಾಮ್‌ಗಳದ್ದು. ಸೆಷನ್‌ನ ಗುರುತು ಹೊತ್ತ ಕುಕಿಯನ್ನು ಅವು ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಬಂದಾಗಲೆಲ್ಲ ಹೊಸ ಸೆಷನ್. ನಾನೋ, ದರದ ಪುಟದಲ್ಲೂ ಸುಮ್ನೆ ಸೆಷನ್ ಶುರು ಮಾಡಿದ್ದೆ. ಈಗ ಲಾಗಿನ್ ಆದವರಿಗೆ ಮಾತ್ರ.